ಸಿಪಾನಿ ಆಟೋಮೊಬೈಲ್ಸ್: ಮಾದರಿ ಬದಲಾವಣೆಯ ಇತಿಹಾಸ

ಸಿಪಾನಿ ಆಟೋಮೊಬೈಲ್ಸ್ ಬೆಂಗಳೂರಿನ ಯಶವಂತಪುರ ಭಾಗದ ತುಮಕೂರು ರಸ್ತೆಯಲ್ಲಿದ್ದ ಕಾರು ತಯಾರಿಕಾ ಸಂಸ್ಥೆ. 1970ರ ದಶಕದಲ್ಲಿ ಸನ್‌ರೈಸ್ ಆಟೋ ಇಂಡಸ್ಟ್ರೀಸ್ ಎಂಬ ಹೆಸರಿನಲ್ಲಿ ಆರಂಭವಾಯಿತು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳು ಹೆಚ್ಚೇನೂ ಬದಲಾಗದೆ ದಶಕಗಟ್ಟಲೆ ಓಡಿದ ಕಾಲದಲ್ಲಿ, ಈ ಸಣ್ಣ ಸಂಸ್ಥೆ ಬಾದಲ್, ಡಾಲ್ಫಿನ್, ಮೊಂಟಾನಾ ಎಂದು ಒಂದಾದ ಮೇಲೊಂದು ಮಾದರಿಗೆ ಹೊರಳಿತು. ಅದಕ್ಕೆ ಅನುಕೂಲ ಮಾಡಿಕೊಟ್ಟದ್ದು ಫೈಬರ್‌ಗ್ಲಾಸ್ ಬಾಡಿ.

ಹಿನ್ನೆಲೆ

ಉಕ್ಕಿನ ಬಾಡಿಯ ಕಾರಿಗೆ ಪ್ರತಿ ಭಾಗಕ್ಕೂ, ಪ್ರೆಸ್‌ನಲ್ಲಿ ಹಾಳೆಯನ್ನು ಒತ್ತಿ ಆಕಾರ ಕೊಡುವ ಬೇರೆ ಡೈ ಬೇಕು. ಮಾದರಿ ಬದಲಾದರೆ ಅವೂ ಬದಲಾಗಬೇಕು. ಉದಾಹರಣೆಗೆ, ಅಮೆರಿಕದ ಫೋರ್ಡ್ ಕಂಪನಿ 1927ರ ಮೇ ತಿಂಗಳಲ್ಲಿ ಮಾಡೆಲ್ ಟಿ ಕಾರನ್ನು ನಿಲ್ಲಿಸಿ, ಡಿಸೆಂಬರ್‌ನಲ್ಲಿ ಮಾಡೆಲ್ ಎ ಬಿಡುಗಡೆ ಮಾಡಿತು. ನಡುವಿನ ತಿಂಗಳುಗಳು ಯಂತ್ರಗಳನ್ನು ಬದಲಿಸುವುದಕ್ಕೇ ಹೋದವು. ಫೈಬರ್‌ಗ್ಲಾಸ್‌ಗೆ ಭಾರಿ ಪ್ರೆಸ್ ಬೇಡ. ಅಚ್ಚಿನೊಳಗೆ ಗಾಜಿನ ನಾರಿನ ಹಾಸು ಹಾಕಿ, ಕೈಯಿಂದಲೇ ರಾಳ ಬಳಿದು, ಗಟ್ಟಿಯಾದ ಮೇಲೆ ತೆಗೆದರೆ ಸಾಕು. ಹೊಸ ಅಚ್ಚಿನ ಖರ್ಚು ಕಡಿಮೆ. ಆದರೆ ಬಾಡಿ ಗಟ್ಟಿಯಾಗುವವರೆಗೆ ಆ ಅಚ್ಚು ಬೇರೆ ಕೆಲಸಕ್ಕೆ ಸಿಗದು; ಹಾಗಾಗಿ ಉತ್ಪಾದನೆ ನಿಧಾನ.

ಬಾದಲ್‌ನಿಂದ ಮೊಂಟಾನಾವರೆಗೆ

ಮೊದಲ ಬಾದಲ್‌ಗೆ ಮುಂದೆ ಒಂದು, ಹಿಂದೆ ಎರಡು ಚಕ್ರ. 198 ಸಿಸಿ ಎಂಜಿನ್ ಇದ್ದದ್ದು ಹಿಂಬದಿಯಲ್ಲಿ. ನಂತರ ಬಾದಲ್‌ನ ನಾಲ್ಕು ಚಕ್ರದ ರೂಪವೂ ಬಂತು. 1980ರ ದಶಕದ ಆರಂಭದಲ್ಲಿ ಸಂಸ್ಥೆ ಬ್ರಿಟನ್ನಿನ ರಿಲಯಂಟ್ ಕಂಪನಿಯ ಕಿಟನ್ ಕಾರನ್ನು ಆಧರಿಸಿ ಡಾಲ್ಫಿನ್ ತಯಾರಿಸಿತು. ಎಂಜಿನ್ 848 ಸಿಸಿಯದು, ಬಾಡಿ ಮತ್ತೆ ಫೈಬರ್‌ಗ್ಲಾಸ್. ಹಗುರವಾಗಿದ್ದುದರಿಂದ ಮದ್ರಾಸ್ ಬಳಿಯ ಶೋಲಾವರಂ ರೇಸುಗಳಲ್ಲಿ ಡಾಲ್ಫಿನ್ ಹೆಸರು ಮಾಡಿತು. ಆದರೆ ಅದಕ್ಕೆ ಬದಿಗೊಂದರಂತೆ ಎರಡೇ ಬಾಗಿಲು; ಮನೆಮಂದಿಯೆಲ್ಲ ಹತ್ತಿಳಿಯುವುದು ತೊಡಕು. ದಶಕದ ಉತ್ತರಾರ್ಧದಲ್ಲಿ ಬಂದ ಮೊಂಟಾನಾದಲ್ಲಿ ಹಿಂದಿನ ಸೀಟಿಗೂ ಬಾಗಿಲು ಬಂತು. ಬಳಿಕ ಡಿ-1 ಎಂಬ ಡೀಸೆಲ್ ಮಾದರಿ ಸೇರಿತು.

ಪರವಾನಗಿ ಮತ್ತು ಪೈಪೋಟಿ

ಯಾವ ವಾಹನವನ್ನು ಎಷ್ಟು ತಯಾರಿಸಬೇಕೆಂದು ಆಗ ಕೈಗಾರಿಕಾ ಪರವಾನಗಿಯೇ ನಿಗದಿ ಮಾಡುತ್ತಿತ್ತು. 1985ರಲ್ಲಿ ಕೇಂದ್ರ ಸರ್ಕಾರ ಈ ನಿಯಮ ಸಡಿಲಿಸಿ, ಒಂದೇ ಪರವಾನಗಿಯಡಿ ಬೇರೆ ಬೇರೆ ಬಗೆಯ ನಾಲ್ಕು ಚಕ್ರದ ವಾಹನ ತಯಾರಿಸಲು ಬಿಟ್ಟಿತು. ಅಷ್ಟರಲ್ಲಿ, 1983ರ ಡಿಸೆಂಬರ್‌ನಲ್ಲಿ, ಮಾರುತಿ 800 ರಸ್ತೆಗಿಳಿದಿತ್ತು. ಪ್ರೆಸ್‌ನಲ್ಲಿ ಒತ್ತಿದ ಉಕ್ಕಿನ ಬಾಡಿಯ ಆ ಕಾರು ದೊಡ್ಡ ಸಂಖ್ಯೆಯಲ್ಲಿ ಹೊರಬರುತ್ತಿತ್ತು. ಕೈಕೆಲಸದ ಬಾಡಿಗೆ ಆ ವೇಗವೂ ಸಾಧ್ಯವಾಗಲಿಲ್ಲ, ಮಾರುತಿಯ ಬೆಲೆಗೆ ಮಾರುವುದೂ ಗಿಟ್ಟಲಿಲ್ಲ. 1990ರ ದಶಕದ ಮಧ್ಯಭಾಗದಲ್ಲಿ ಸಿಪಾನಿ ಬ್ರಿಟನ್ನಿನ ರೋವರ್ ಮಾಂಟೆಗೊ ಕಾರನ್ನು ಜೋಡಿಸಿ ಮಾರಿತು. ಅದೂ ಹೆಚ್ಚು ಕಾಲ ನಡೆಯಲಿಲ್ಲ.

ರಾಜ್ಯದ ಇತರ ನಿದರ್ಶನಗಳು

ಮೈಸೂರಿನ ಐಡಿಯಲ್ ಜಾವಾ 1961ರಿಂದ ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ತಯಾರಿಸಿ, 1973ರಲ್ಲಿ ಯೆಜ್ಡಿ ಹೆಸರಿಗೆ ಬದಲಾಯಿತು. ಅಲ್ಲಿ ಹೆಸರು ಬದಲಾದರೂ ಎಂಜಿನ್‌ನ ಮೂಲ ವಿನ್ಯಾಸ ಮುಂದುವರಿಯಿತು. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ 2000ದಲ್ಲಿ ಮಾರುಕಟ್ಟೆಗೆ ತಂದ ಕ್ವಾಲಿಸ್ ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ ಅದನ್ನು ಕೈಬಿಟ್ಟು, 2005ರಲ್ಲಿ ಇನ್ನೋವಾ ಬಿಡುಗಡೆ ಮಾಡಿತು. ಹೊಸ ಡೈಗಳಿಗೆ ಹಾಕುವ ಬಂಡವಾಳವನ್ನು ಮಾರಾಟದಿಂದ ತುಂಬಿಕೊಳ್ಳುವ ಶಕ್ತಿ ಅದಕ್ಕಿತ್ತು. ಸಿಪಾನಿಗೆ ಮಾದರಿ ಬದಲಿಸುವುದು ಸುಲಭವಾಗಿದ್ದರೂ ಆ ಶಕ್ತಿ ಇರಲಿಲ್ಲ.