ಅಂಚೆಚೀಟಿಯಲ್ಲಿಲ್ಲದ ಕೊಳಗ

ನಾನು ಹುಡುಗನಾಗಿದ್ದಾಗ ಕೂಡಿಹಾಕಿದ ಅಂಚೆಚೀಟಿಗಳ ಆಲ್ಬಮ್ಮು ಈಗಲೂ ನನ್ನಲ್ಲಿದೆ. ಕುಪ್ಪಳ್ಳಿಯ ಆಸುಪಾಸಿನ ನಮ್ಮಂಥ ಒಂಟಿಮನೆಗಳಿಗೆ ಮಳೆಗಾಲದಲ್ಲಿ ಹೊರಗಿನ ಪ್ರಪಂಚ ಬರುತ್ತಿದ್ದುದು ಲಕೋಟೆಗಳ ಮೂಲೆಯಲ್ಲಿ ಅಂಟಿಕೊಂಡೇ. ಆ ಮೂಲೆ ಕತ್ತರಿಸಿ, ನೀರಿನಲ್ಲಿ ನೆನೆಹಾಕಿ, ಬಿಟ್ಟುಬಂದ ಚೀಟಿಗಳನ್ನು ಒಲೆಯ ಹತ್ತಿರ ಒಣಗಿಸುತ್ತಿದ್ದೆ.

ಅವುಗಳಲ್ಲಿ ನನಗೆ ಬಹಳ ಹೆಮ್ಮೆಯದು ದಾಂಡಿಯಾತ್ರೆಯ ಜೋಡಿಚೀಟಿ. ಯಾತ್ರೆಗೆ ಐವತ್ತು ವರ್ಷ ತುಂಬಿದ 1980ರಲ್ಲಿ ಬಂದದ್ದು. ಬೆಲೆ 35 ಪೈಸೆ. 1930ರ ಮಾರ್ಚ್ 12ರಂದು ಸಾಬರಮತಿಯಿಂದ ಹೊರಟ ಗಾಂಧೀಜಿ ಏಪ್ರಿಲ್ 6ರಂದು ದಾಂಡಿಯ ಕಡಲಂಚಿನಲ್ಲಿ ಬಗ್ಗಿ ಉಪ್ಪು ಎತ್ತಿದರು. ವಾರ ಕಳೆಯುವಷ್ಟರಲ್ಲಿ, ಏಪ್ರಿಲ್ 13ರಂದು, ನಮ್ಮ ಘಟ್ಟದ ಕೆಳಗಿನ ಅಂಕೋಲೆಯಲ್ಲೂ ಕಾನೂನು ಮುರಿಯಿತು. ಮಲೆನಾಡಿನ ಗಂಜಿಗೆ ಉಪ್ಪು ಬರುತ್ತಿದ್ದುದು ಆ ಕರಾವಳಿಯಿಂದಲೇ. ಸಾಮ್ರಾಜ್ಯವನ್ನು ಅಲುಗಾಡಿಸಲು ಒಂದು ಚಿಟಿಕೆ ಉಪ್ಪು ಸಾಕಾಯಿತಲ್ಲ ಎಂದು ಆ ಚೀಟಿ ನೋಡಿದಾಗಲೆಲ್ಲ ಬೆರಗಾಗುತ್ತಿದ್ದೆ.

ಆದರೆ ಘಟ್ಟದ ಮೇಲೆ, ನಮ್ಮದೇ ಜಿಲ್ಲೆಯಲ್ಲಿ ನಡೆದ ಇನ್ನೊಂದು ಸತ್ಯಾಗ್ರಹ ನನ್ನ ಆಲ್ಬಮ್ಮಿನಲ್ಲಿಲ್ಲ. ಅಲ್ಲಿ ಉಪ್ಪಿನ ಜಾಗದಲ್ಲಿ ಇದ್ದದ್ದು ಕೊಳಗ.

ಕೊಳಗವೆಂದರೆ ಭತ್ತ ಅಳೆಯುವ ಪಾತ್ರೆ. ಲೆಕ್ಕಕ್ಕೆ ಅದು ಮೂರು ಸೇರಿನದು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಸಾಗರ ಸೀಮೆಯಲ್ಲಿ ಗೇಣಿ ಅಳೆದುಕೊಳ್ಳುವಾಗ ಭೂಮಾಲೀಕರು ಅದಕ್ಕಿಂತ ದೊಡ್ಡ ಕೊಳಗ ಬಳಸುತ್ತಿದ್ದರು. ಕೊಳಗಕ್ಕೆ ಅರ್ಧ ಸೇರು ಹೆಚ್ಚಾದರೆ ಏನು ಮಹಾ ಎನ್ನಬಹುದು. ಖಂಡುಗಕ್ಕೆ ಹತ್ತು ಸೇರಾಯಿತು. ಹನ್ನೆರಡು ಖಂಡುಗ ಗೇಣಿ ಕೊಡುವವನು ಹದಿನಾಲ್ಕು ಖಂಡುಗ ಅಳೆದ ಹಾಗಾಯಿತು. ಆ ಎರಡು ಖಂಡುಗ ಆಷಾಢದಲ್ಲಿ ಅವನ ಮಕ್ಕಳು ಉಣ್ಣಬೇಕಾಗಿದ್ದ ಭತ್ತ.

ಇದನ್ನು ಕೇಳಿದವರು ಕಾಗೋಡಿನ ಗೇಣಿದಾರರು, ಹೆಚ್ಚಿನವರು ದೀವರು. ಅವರನ್ನು ರೈತಸಂಘವಾಗಿ ಕಟ್ಟಿದವರು ಎಚ್. ಗಣಪತಿಯಪ್ಪ. ಬೆನ್ನಿಗೆ ನಿಂತವರು ಸಮಾಜವಾದಿಗಳು. ಅವರಲ್ಲಿ ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರೂ ಒಬ್ಬರು. ಗದ್ದೆ ಬಿಡಿಸಿದಾಗ ರೈತರು ಕತ್ತಿ ಹಿಡಿಯಲಿಲ್ಲ, ನೇಗಿಲು ಹಿಡಿದರು. 1951ರ ಏಪ್ರಿಲ್ 18ರಿಂದ ತಂಡ ತಂಡವಾಗಿ ಗದ್ದೆಗಿಳಿದು ಉಳುವುದು, ಪೊಲೀಸರು ಹಿಡಿದರೆ ಜೈಲಿಗೆ ಹೋಗುವುದು. ನೂರಾರು ಜನ ಹೀಗೆ ಹೋದರು. ಸ್ವರಾಜ್ಯ ಬಂದು ನಾಲ್ಕು ವರ್ಷವೂ ಆಗಿರಲಿಲ್ಲ. ಆ ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು, ಸತ್ಯಾಗ್ರಹ ಮಾಡಿ ಬಂಧಿತರಾದರು.

ಈ ಲೋಹಿಯಾ ನನ್ನ ಆಲ್ಬಮ್ಮಿನಲ್ಲಿದ್ದಾರೆ. 1977ರಲ್ಲಿ ಅವರ ಚೀಟಿ ಬಂತು, 25 ಪೈಸೆಯದು. ನಾನು ಅದನ್ನು ಅಂಟಿಸುತ್ತಿದ್ದಾಗ ಅಜ್ಜಯ್ಯ ಬಂದು, ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

'ಈ ಮನುಷ್ಯ ಸಾಗರದ ಕಡೆ ಬಂದ ವರ್ಷವೇ ನಾನು ಕೊಳಗ ಬದಲಾಯಿಸಿದ್ದು' ಎಂದರು. ಇನ್ನೊಂದು ಮಾತಾಡಲಿಲ್ಲ.

ಹೆದರಿ ಬದಲಾಯಿಸಿದ್ದೋ, ತಪ್ಪೆಂದು ತಿಳಿದು ಬದಲಾಯಿಸಿದ್ದೋ, ಕೇಳುವ ವಯಸ್ಸು ನನಗಾಗಿರಲಿಲ್ಲ. ವಯಸ್ಸಾಗುವ ಹೊತ್ತಿಗೆ ಅಜ್ಜಯ್ಯ ಇರಲಿಲ್ಲ. ಸತ್ಯಾಗ್ರಹವೇನೂ ಕೂಡಲೇ ಗೆಲ್ಲಲಿಲ್ಲ. ಗೋಪಾಲಗೌಡರು 1952ರಲ್ಲಿ ವಿಧಾನಸಭೆಗೆ ಹೋಗಿ ಗೇಣಿದಾರರ ಪರ ಮಾತಾಡಿದರು, 1972ರಲ್ಲಿ ತೀರಿಕೊಂಡರು. ಉಳುವವನಿಗೇ ನೆಲ ಕೊಡುವ ತಿದ್ದುಪಡಿ ದೇವರಾಜ ಅರಸರ ಕಾಲದಲ್ಲಿ ಜಾರಿಯಾದದ್ದು 1974ರಲ್ಲಿ. ನಮ್ಮ ಒಕ್ಕಲುಗಳೂ ಡಿಕ್ಲರೇಷನ್ ಕೊಟ್ಟರು, ಗದ್ದೆ ಅವರದಾಯಿತು. ಮನೆಯಲ್ಲಿ ಅದನ್ನು 'ಹೋಯಿತು' ಎನ್ನುತ್ತಿದ್ದರು. ನಾನೂ ಹಾಗೆಯೇ ಹೇಳುತ್ತಾ ಬೆಳೆದೆ.

ಈಚೆಗೆ ಅಟ್ಟ ಗುಡಿಸುವಾಗ ಎರಡು ಕೊಳಗ ಸಿಕ್ಕವು. ನೋಡುವುದಕ್ಕೆ ಒಂದೇ ತರಹ. ಸೇರು ತಂದು ಅಳೆದೆ. ಒಂದಕ್ಕೆ ಮೂರು ಸೇರು ಸರಿಯಾಗಿ ಹಿಡಿಯಿತು. ಇನ್ನೊಂದಕ್ಕೆ ಮೂರು ಸುರಿದ ಮೇಲೂ ಮೇಲೆ ಜಾಗ ಉಳಿದಿತ್ತು. ಹಿಂದೆ ನಮ್ಮ ಒಕ್ಕಲಾಗಿದ್ದವರ ಮೊಮ್ಮಗನೊಬ್ಬ ಅಂಗಳಕ್ಕೆ ಬಂದಿದ್ದ, ಅವನಿಗೂ ತೋರಿಸಿದೆ. ಅವರಿಗೆ ಇದು ಗೊತ್ತಿತ್ತೋ ಇಲ್ಲವೋ ಎಂಬ ಅಳುಕು ನನಗೆ.

'ಗೊತ್ತಿಲ್ಲದೆ ಏನಯ್ಯಾ? ಅಳೆದು ಸುರಿಯುತ್ತಿದ್ದದ್ದು ನಮ್ಮಜ್ಜನೇ ಅಲ್ಲವಾ?' ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಕಷ್ಟವಾಯಿತು.

ಅಂಚೆಚೀಟಿ ಎಂದರೆ ದೇಶ ತಾನು ಏನನ್ನು ನೆನಪಿಡುತ್ತೇನೆಂದು ಊರೂರಿಗೆ ಹೇಳಿ ಕಳುಹಿಸುವ ಮಾತು. ಪರದೇಶದ ರಾಜನನ್ನು ಎದುರಿಸಿದ್ದನ್ನು ನೆನೆಯುವುದು ಸುಲಭ. ಅಲ್ಲಿ ನಾವೆಲ್ಲ ಒಂದೇ ಕಡೆ. ಕಾಗೋಡನ್ನು ನೆನೆಯಬೇಕಾದರೆ ನಮ್ಮ ಅಟ್ಟ ಹತ್ತಬೇಕು. ಲೋಹಿಯಾರ ಮುಖದ ಚೀಟಿ 1997ರಲ್ಲಿ ಮತ್ತೊಮ್ಮೆ ಬಂತು. ಕೊಳಗದ ಚಿತ್ರವಿರುವ ಚೀಟಿಗಾಗಿ ನನ್ನ ಆಲ್ಬಮ್ಮಿನಲ್ಲಿ ಒಂದು ಜಾಗ ಖಾಲಿ ಬಿಟ್ಟಿದ್ದೇನೆ.

ಕುಪ್ಪಳ್ಳಿಯ ಕವಿಮನೆಗೆ ನೆಂಟರನ್ನು ಕರೆದುಕೊಂಡು ಹೋದಾಗಲೆಲ್ಲ ಅಲ್ಲಿನ ಹಳೆಯ ಮನೆಬಳಕೆಯ ಸಾಮಾನುಗಳನ್ನು ನೋಡುತ್ತೇನೆ. ನಮ್ಮ ದೊಡ್ಡ ಕೊಳಗವನ್ನೂ ಎಲ್ಲಾದರೂ ಹೀಗೆ ಇಡಿಸಬೇಕೆಂಬ ಆಸೆ. ಆದರೆ ಅದರ ಕೆಳಗೆ 'ಹಳೆಯ ಕಾಲದ ಅಳತೆಯ ಪಾತ್ರೆ' ಎಂದಷ್ಟೇ ಬರೆದರೆ ಸಾಲದು. ಅದು ಎಷ್ಟು ಸೇರು ಹಿಡಿಯುತ್ತದೆ ಎಂದೂ ಬರೆಯಬೇಕು.