ಅಮರ್ಜಾ ತೀರದ ಸಾಂತ್ವನ ಪರಂಪರೆ

ಆಳಂದದ ಸೀಮೆಯಲ್ಲಿ ಹರಿದು, ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುವ ಅಮರ್ಜಾ ನದಿಯ ತೀರಗಳಿಗೆ, ವೈದ್ಯರು ಕೈಬಿಟ್ಟ ವ್ಯಾಧಿಗಳಿಂದ ನೊಂದವರು ತಲೆಮಾರುಗಳಿಂದ ಆಶ್ರಯವನ್ನರಸಿ ಬಂದಿದ್ದಾರೆ. ಗಾಣಗಾಪುರದಲ್ಲಿ ದತ್ತ ಪರಂಪರೆಯ ಸಂತರಾದ ನರಸಿಂಹ ಸರಸ್ವತಿಗಳ ನಿರ್ಗುಣ ಪಾದುಕೆಗಳ ಸನ್ನಿಧಿಯಲ್ಲಿ ಅವರು ಸಂಗಮದಲ್ಲಿ ಮಿಂದು, ಗುರುಚರಿತ್ರೆಯ ಪಾರಾಯಣವನ್ನು ಕೇಳುತ್ತ, ಮಧ್ಯಾಹ್ನ ಮಧುಕರಿಯನ್ನು ಬೇಡಿ ಉಣ್ಣುತ್ತ ದಿನಗಳನ್ನು ಕಳೆದರು. ಆಳಂದದ ಸೂಫಿ ಸಂತ ಲಾಡ್ಲೆ ಮಶಾಯಕರ ದರ್ಗಾದಲ್ಲಿ ಹಿಂದೂ ಮುಸಲ್ಮಾನರೆನ್ನದೆ ಹರಕೆ ಹೊತ್ತರು. ಜೇವರ್ಗಿ ಸೀಮೆಯ ಕಡಕೋಳದ ಮಡಿವಾಳಪ್ಪನವರ ಪರಂಪರೆಯಲ್ಲಿ ಬೆಳೆದ ತತ್ವಪದಗಳನ್ನು ಏಕತಾರಿಯೊಡನೆ ಹಾಡುವ ಭಜನೆಯ ಮೇಳಗಳಾದರೋ, ದೇಹದ ನಶ್ವರತೆಯನ್ನು ಮುಚ್ಚುಮರೆಯಿಲ್ಲದೆ ನುಡಿದು, ಒಬ್ಬನ ಎದೆಯೊಳಗಿನ ಮೃತ್ಯುಭಯವನ್ನು ಹತ್ತು ಜನರ ನಡುವೆ ಹಂಚಿದವು. ಈ ಆಚಾರಗಳು ರೋಗವನ್ನು ಗುಣಪಡಿಸಿದವೆಂದು ಹೇಳಲಾಗದು. ರೋಗಿಯನ್ನು ಏಕಾಕಿಯಾಗಿ ಬಿಡಲಿಲ್ಲವೆಂಬುದೇ ಅವುಗಳ ಹಿರಿಮೆ.

ಇಂತಹ ವ್ಯಾಧಿಗಳಲ್ಲಿ ಒಂದಾದ ಅರ್ಬುದರೋಗಕ್ಕೆ, ಅಂದರೆ ಕ್ಯಾನ್ಸರಿಗೆ, ಶಾಸ್ತ್ರೀಯ ಚಿಕಿತ್ಸೆಯಾದರೋ ಈ ನಾಡಿಗೆ ಬಹುಕಾಲ ದೂರವೇ ಉಳಿದಿತ್ತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯು 1941ರಲ್ಲಿ ತೆರೆಯಿತು. 1956ರವರೆಗೆ ಆಳಂದವು ಸೇರಿದ್ದ ರಾಜ್ಯದ ರಾಜಧಾನಿಯಾದ ಹೈದರಾಬಾದಿನಲ್ಲಿ, ಈಗ ಮೆಹದಿ ನವಾಜ್ ಜಂಗರ ಹೆಸರಿನಲ್ಲಿರುವ ಕ್ಯಾನ್ಸರ್ ಆಸ್ಪತ್ರೆಯು 1955ರಲ್ಲಿ ಉದಯಿಸಿತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು 1973ರಲ್ಲಿ ಹುಟ್ಟಿ, ಮುಂದೆ ಕಲಬುರಗಿಯಲ್ಲಿಯೂ ತನ್ನ ಶಾಖೆಯನ್ನು ತೆರೆಯಿತು. ಜನರು ‘ಕರೆಂಟು’ ಎಂದು ಕರೆಯುವ ಕಿರಣಚಿಕಿತ್ಸೆಯು ಸಾಮಾನ್ಯವಾಗಿ ವಾರಕ್ಕೆ 5 ದಿನಗಳಂತೆ ಹಲವು ವಾರ ನಡೆಯುವುದರಿಂದ, ಹೊಲಮನೆಗಳನ್ನು ಬಿಟ್ಟು ಪರವೂರಿನಲ್ಲಿ ತಂಗಬೇಕಾದ ರೋಗಿಗೆ ಒಂಟಿತನವೆಂಬ ಎರಡನೆಯ ವ್ಯಾಧಿಯೂ ಅಂಟಿಕೊಂಡಿತು. ನಂಟರು ರೋಗದ ಹೆಸರನ್ನು ಅವನಿಂದ ಮರೆಮಾಡುವರು. ಅವನೋ ಅವರ ಮುಖಭಾವದಿಂದಲೇ ಅದನ್ನು ಓದಿಕೊಂಡು, ಅವರು ನೊಂದಾರೆಂದು ತಾನೂ ಮೌನವಾಗುವನು. ಹೀಗೆ ಒಂದೇ ಕೋಣೆಯಲ್ಲಿ ಪರಸ್ಪರ ಪ್ರೀತಿಸುವವರೇ ಬೇರೆಬೇರೆಯಾಗಿ ಅಳುವಂತಾಗುವುದು.

ಆದುದರಿಂದ ನಮ್ಮ ಹಿರಿಯರ ಸಂಗಸಂಪ್ರದಾಯವು ಆಸ್ಪತ್ರೆಯ ಹೊಸ್ತಿಲಲ್ಲಿ ಕೊನೆಗೊಳ್ಳದೆ, ಅದರೊಳಗೂ ಪ್ರವೇಶಿಸಬೇಕೆಂಬುದು ನನ್ನ ದೃಢವಾದ ನಂಬಿಕೆ. ಹರಕೆಯ ಹೆಸರಿನಲ್ಲಿ ತಪಾಸಣೆಯನ್ನು ಮುಂದೂಡಬಾರದು. ಸ್ಪರ್ಶದಿಂದ ಹರಡದ ಈ ರೋಗಕ್ಕೆ ಅಂಜಿ ತಟ್ಟೆಲೋಟಗಳನ್ನು ಬೇರ್ಪಡಿಸಬಾರದು. ತಿಳಿಯಲು ಬಯಸುವ ರೋಗಿಗೆ ಸತ್ಯವನ್ನು ಅವನ ಮಾತಿನಲ್ಲಿಯೇ, ಅವನವರ ಸಮ್ಮುಖದಲ್ಲಿ, ಸಾವಕಾಶವಾಗಿ ತಿಳಿಸಬೇಕು. ಕೂದಲುದುರಿದಾಗ ಹುಟ್ಟುವ ಲಜ್ಜೆಯೂ, ಮುಂದಿನ ಪರೀಕ್ಷೆಯ ಫಲವನ್ನು ಕಾಯುವ ರಾತ್ರಿಯ ಭೀತಿಯೂ ಅಧೈರ್ಯದ ಗುರುತುಗಳಲ್ಲ, ಮನುಷ್ಯಸಹಜವಾದ ವೇದನೆಗಳು. ಅವು ಮಿತಿಮೀರಿ ನಿದ್ರಾಹಾರಗಳನ್ನು ಕಸಿದುಕೊಂಡರೆ ಮನೋವೈದ್ಯರ ನೆರವನ್ನು ಪಡೆಯುವುದು ಔಷಧವನ್ನು ಸೇವಿಸುವಷ್ಟೇ ಯೋಗ್ಯವಾದುದು. ಭಜನೆಯ ಮೇಳವು ಕಲಿಸಿದ ಪಾಠವಿಷ್ಟೇ: ಭಯವನ್ನು ಹೆಸರಿಟ್ಟು ನುಡಿಯಬೇಕು, ನುಡಿಯುವಾಗ ಕೇಳುವವರು ಪಕ್ಕದಲ್ಲಿರಬೇಕು. ಈ ಕರ್ತವ್ಯಕ್ಕೆ ಪಾಂಡಿತ್ಯವೂ ಸಂಪತ್ತೂ ಬೇಕಿಲ್ಲವಾದುದರಿಂದ, ಅದನ್ನು ನೆರವೇರಿಸದಿರಲು ನಮ್ಮಲ್ಲಿ ಯಾರಿಗೂ ನೆಪವಿಲ್ಲ.