ತವರಿಲ್ಲದ ಊರಿನಲ್ಲಿ ಬಾಣಂತನ

ಚೊಚ್ಚಲ ಹೆರಿಗೆ ತವರಿನ ಪಾಲಿನದೆಂಬುದು ನಮ್ಮವರ ಹಳೆಯ ವಾಡಿಕೆ. ಮಗಳನ್ನು ಕರೆತಂದು, ಎಣ್ಣೆ-ನೀರು ಎರೆದು, ಅಂಟಿನುಂಡೆ ತಿನ್ನಿಸಿ, ಕೂಸಿನೊಡನೆ ಕಳುಹಿಸಿಕೊಡುವರು. ಆದರೆ ಹೊಟ್ಟೆಪಾಡಿಗೆಂದು ಮುಂಬಯಿಯ ಗಿರಣಿ ಸೇರಿದ ಹೆಂಗಸಿಗೆ ತವರೆಲ್ಲಿಯದು? ಕೆಲಸ ಬಿಟ್ಟು ಮಲಗಿದರೆ ಕೂಲಿಯಿಲ್ಲ.

1928ರಲ್ಲಿ ಮುಂಬಯಿ ಶಾಸನಸಭೆಯ ಮುಂದೆ ಹೆರಿಗೆ ಭತ್ಯೆಯ ಮಸೂದೆ ಬಂದಿತು. ವೆಚ್ಚವನ್ನು ಒಡೆಯರೇ ಏಕೆ ಹೊರಬೇಕೆಂಬ ಆಕ್ಷೇಪವೆದ್ದಿತು. ಸಭೆಯ ಸದಸ್ಯರಾಗಿದ್ದ ಡಾ. ಅಂಬೇಡ್ಕರರು, ಈ ಹೊರೆ ಬಹುಮಟ್ಟಿಗೆ ಸರಕಾರದ್ದಾಗಬೇಕೆಂದು ಒಪ್ಪಿಯೂ, ಆಕೆಯ ದುಡಿಮೆಯಿಂದ ಲಾಭ ಪಡೆವ ಒಡೆಯನು ಪೂರಾ ಕೈತೊಳೆದುಕೊಳ್ಳಲಾಗದೆಂದು ವಾದಿಸಿದರು. ತಾಯಿಗೆ ವಿಶ್ರಾಂತಿ ದೊರೆಯುವುದು ರಾಷ್ಟ್ರಕ್ಕೇ ಹಿತವೆಂಬುದು ಅವರ ನಿಲುವು. ಇಂದಿಗೂ ಇದಕ್ಕಿಂತ ನೇರವಾದ ಮಾತು ನಮಗೆ ಹೊಳೆಯದು! 1929ರಲ್ಲಿ ಮಸೂದೆ ಕಾಯಿದೆಯಾಯಿತು. ಬ್ರಿಟಿಷ್ ಇಂಡಿಯಾದಲ್ಲಿ ಇಂಥದು ಅದೇ ಮೊದಲು. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಸೀಮೆಗಳೂ ಮುಂಬಯಿ ಪ್ರಾಂತಕ್ಕೇ ಸೇರಿದ್ದವೆಂಬುದನ್ನು ವಾಚಕರು ನೆನೆಯಬೇಕು.

ಇಡೀ ದೇಶದ ಕಾಯಿದೆಗಾಗಿ 1961ರವರೆಗೆ ಕಾಯಬೇಕಾಯಿತು. ಆಗ ಹನ್ನೆರಡು ವಾರಗಳ ರಜೆ. 2017ರಲ್ಲಿ ಮೊದಲೆರಡು ಮಕ್ಕಳ ಮಟ್ಟಿಗೆ ಅದು 26 ವಾರಗಳಿಗೇರಿತು. ಹೆರಿಗೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು. ಕಚೇರಿಗೆ ಹೋಗುವ ನಮ್ಮ ಸೊಸೆಯಂದಿರು ಇದನ್ನು ಕೇಳಿ ಪಡೆಯಬಹುದು. ಅವರ ಮನೆಯಲ್ಲಿ ಪಾತ್ರೆ ತಿಕ್ಕುವಾಕೆಯನ್ನು ಮಾತ್ರ 1961ರ ಕಾಯಿದೆ ಎಣಿಸಲಿಲ್ಲ. ಆಕೆಯ ಬಾಣಂತನದ ರಜೆ ಮನೆಯೊಡತಿಯ ಮರ್ಜಿಗೆ ಬಿಟ್ಟದ್ದು.